ಉಟ ತಯಾರಿದೆ

ಫೋನಿನ್ಯಾಗಿನ ಚುಕ್ಕಿ ಎಣಿಸಿ ಊಟಕ್ಕ ಹೋಗಬ್ಯಾಡ ತಂಗೀ,
ಚುಕ್ಕಿ ಕೊಟ್ಟವರ ಹೊಟ್ಟಿ ಎಂಥದೋ ನಮಗೇನು ಗೊತ್ತು.
ಕಾರವಾರದಾಕಿ ನೀನು, ಮೀನಿನ ನಾಲಿಗಿ,
ಖಜಾನೆ ಆಫೀಸಿನ ಲೆಕ್ಕದ ಕೈ.
ರಾಯಚೂರು ಆ ಲೆಕ್ಕಕ್ಕ ಸಿಗೂದಿಲ್ಲ.
ಕೂಡು, ನಾ ಹೇಳತೀನಿ.
ನಲವತ್ತು ವರ್ಷ ಈ ಊರಿನ ಬೋರ್ಡು ಬರದಾಂವ.
ಮೂಲ್ಯಾಗ ಸಣ್ಣಗ 'ಜಂಬಣ್ಣ ಆರ್ಟ್ಸ್' ಅಂತ ಇರತಿತ್ತಲ್ಲ,
ಅದು ನಾನಽ.

ಮೊದಲ ಕುಡಿಯೂದು.
ನಮ್ಮ ಬೋರಿನ ನೀರು ಸವಳು, ಬೇಳಿ ಬೇಯೂದಿಲ್ಲ.
ಇಂಗ್ಲಂಡಿನ್ಯಾಗ ನೀರು ಕುಡಿಯಾಕಂತನಽ ಒಂದೊಂದು ಊರದಾವಂತ,
ಟೊಪ್ಪಿಗಿ ಹಾಕ್ಕೊಂಡು, ರೊಕ್ಕ ಕೊಟ್ಟು ಕುಡೀತಾರಂತ.
ನಮ್ಮಲ್ಲಿ ಪುಕ್ಕಟೆ. ಗಂಜಿನ ಗೇಟಿನ ಬೇವಿನ ಬುಡಕ್ಕ
ಹಮಾಲರು ಇಟ್ಟ ಮೂರು ಹರವಿ ಅದಾವ,
ಕೆಂಪು ಅರಿವಿ ಸುತ್ತಿದ್ದು. ನಡುವಿನದರಾಗ ಕುಡಿ.
ಯಾಕಂತ ಕೇಳಬ್ಯಾಡ.

ಆಮ್ಯಾಲ ಚಹಾ. ತೀನ್ ಕಂದೀಲಿಗೆ ಹೋಗು.
ಕಂದೀಲು ಹುಡುಕಬ್ಯಾಡ, ಹೆಸರಷ್ಟಽ ಉರೀತದ.
ಲಾಡ್ಲೆಸಾಬನ ಅಂಗಡಿ, ಹಸಿರು ಬಾಗಲ,
'ಚ'ದ ಹೊಟ್ಟಿ ದಪ್ಪ ಬರದೀನಿ, ದೂರಿಂದ ಕಾಣತದ.
ಬಶಿಗೆ ಸುರಕೊಂಡು ಕುಡದ್ರ ಆತ ಖುಷ್,
ಕಪ್ಪಿನ್ಯಾಗ ಕುಡದ್ರ ಇನ್ಸ್‌ಪೆಕ್ಟರ್ ಅಂತ ತಿಳೀತಾನ.
ಉಸ್ಮಾನಿಯಾ ಬಿಸ್ಕೀಟು ಅದ್ದು, ಎರಡು ಎಣಿಸು, ತಗಿ.
ಮೂರು ಎಣಿಸಿದಿ, ಮುಳಗತು.

ಏನೂ ಕೊಳ್ಳದಽ ಅಡ್ಡಾಡೂದಿದ್ರ
ಪ್ರಹ್ಲಾದಾಚಾರ್ರ ಹಳೇ ಪುಸ್ತಕದ ಪಡಸಾಲಿ ಅದ.
ಪುಸ್ತಕ ಮುಟ್ಟಿದ್ರ ಬೈತಾರ, ಕೊಂಡ್ರ ಇನ್ನೂ ಬೈತಾರ,
ಓದತೀನಂದ್ರ ಸ್ಟೂಲು ಕೊಡತಾರ.
ನಾ ಹುಟ್ಟಿದ ವರ್ಷದ ಪಂಚಾಂಗ ಅಲ್ಲದ,
ಎಷ್ಟು ಸಲ ಕೇಳೀನಿ. ಕೊಟ್ಟಿಲ್ಲ.
ಬಾಜೂಕ ಅತ್ತರಿನಾಂವ. ಮುಂಗೈಗೆ ಹಚ್ಚತಾನ,
ಮೊದಲ ಮಳಿಗೆ ನೆಂದ ಮಣ್ಣಿನ ವಾಸನಿ ಶೀಶೆದಾಗ ಹಿಡದಾನ.
ನಮ್ಮೂರಾಗ ಅದಕ್ಕಽ ರೇಟು ಹೆಚ್ಚು.

ಕೋಟಿ ಗ್ವಾಡಿಯಾಗ ಒಂದು ಉದ್ದಾನ ಕಲ್ಲದ,
ಮೈತುಂಬಾ ಅಕ್ಷರ. ನನಗ ಓದಾಕ ಬರೂದಿಲ್ಲ.
ಸಾಲು ನೆಟ್ಟಗದ, ಕೆತ್ತಿದ ಕೈ ನಡುಗಿಲ್ಲ.
ಕೈ ಮುಗದು ಬರತೀನಿ.

ಹಸಿವ್ಯಾತಾ?
ಮಿರ್ಚಿ, ಮಂಡಾಳ ಒಗ್ಗರಣಿಗೆ ಬೋರ್ಡು ಯಾಕ,
ಸೀನು ಬಂದಲ್ಲಿ ನಿಂದ್ರು.
ರೊಟ್ಟಿ ಬೇಕಂದ್ರ ಸ್ಟೇಷನ್ ರಸ್ತೆ, ಹುಲಿಗೆಮ್ಮನ ಖಾನಾವಳಿ.
ಗುರುತು ಹೇಳತೀನಿ, ನಗಬ್ಯಾಡ:
ಬೋರ್ಡಿನ ಮ್ಯಾಲ 'ಉಟ ತಯಾರಿದೆ' ಅಂತದ.
ದೀರ್ಘ ಇಲ್ಲ.
ಅವತ್ತು ಮುಂಜಾನಿಂದ ಹೊಟ್ಟಿಗೆ ಏನೂ ಬಿದ್ದಿರಲಿಲ್ಲ ನನಗ.
ಉಳಿದದ್ದೆಲ್ಲಾ ಮುಗಿಸಿ ಕಡೀಗೆ ಬಾಲ ಎಳೀಬೇಕು,
ಒಳಗ ರೊಟ್ಟಿ ಬಡಿಯೋ ಸಪ್ಪಳ,
ಪುಂಡಿಪಲ್ಲೆಕ್ಕ ಬಳ್ಳೊಳ್ಳಿ ಬಿದ್ದ ವಾಸನಿ,
ಏಣಿ ಇಳದೆ.
ನಾಲ್ಕು ರೊಟ್ಟಿ ತಿಂದು ಹೊರಗ ಬರೂದ್ರಾಗ
ಬಣ್ಣ ಒಣಗಿತ್ತು, ಕತ್ತಲಾಗಿತ್ತು.
ಮರುದಿನ ಕುಂಚ ಒಯ್ದರ ಆಕಿ ಏಣಿ ಬಿಡಲಿಲ್ಲ:
"ಇರಲಿ ಬಿಡೋ. ತಪ್ಪು ಓದಾಕ ನಿಂತವರು
ಒಳಗ ಬಂದು ಉಣ್ಣತಾರ."

ಈಗೆಲ್ಲಾ ಫ್ಲೆಕ್ಸು. ನನ್ನ ಅಕ್ಷರದ ಮ್ಯಾಲಽ ಮೊಳಿ ಹೊಡದಾರ.
ಗಾಳಿಗೆ ಏಳತದ, ಕೆಳಗ ನನ್ನ 'ಕ'ದ ತಲಿಕಟ್ಟು ಕಾಣತದ,
ಮತ್ತ ಮುಚ್ಚತದ.
ಹುಲಿಗೆಮ್ಮ ಹೋದಳು. ಸೊಸಿ ಬಡೀತಾಳ,
ಅಂಚು ಒಂದೀಟು ದಪ್ಪ. ಹೇಳಾಕ ಹೋಗಬ್ಯಾಡ.
ಬೋರ್ಡು ಹಂಗಽ ಅದ.

ತಪ್ಪು ಕಂಡ್ರ ಕೆಂಪು ಪೆನ್ನು ತಗಿಯೋ ಕೈ ನಿಂದು.
ಅಲ್ಲಿ ತಗೀಬ್ಯಾಡ ತಂಗೀ, ಕೈ ತೊಳಕೊಂಡು ಕೂಡು.
ಒಂಬತ್ತಕ್ಕ ಮುಚ್ಚತಾರ, ಸೋಮವಾರ ಸೂಟಿ.
ಬರೂವಾಗ ನನಗೂ ಎರಡು ಕಟ್ಟಿಸಿಕೊಂಡು ಬಾ,
ಶೇಂಗಾ ಹಿಂಡಿ ಹೆಚ್ಚಿಗಿ ಹಾಕಂತ ಹೇಳು.
ಯಾರಿಗಂತ ಕೇಳಿದ್ರ,
ಬಾಲ ಮರತಾಂವಗ ಅನ್ನು.