ಬೆಸ ಗೆರೆ, ಸರಿ ಗೆರೆ

ಜಪಮಣಿ ತಂದದ್ದು ಇಸ್ಪೀಟು ಕಟ್ಟಿನಷ್ಟು ಒಂದು ಟೇಪು,
ಬಿಸ್ಕತ್ತಿನ ಡಬ್ಬಿಯಲ್ಲಿ, ಅಕ್ಕಿಯೊಳಗೆ ಹೂತು.
ಬೂಷ್ಟು ಹಿಡಿಯಬಾರದೆಂದು ಅಕ್ಕಿಯಂತೆ.
ಹಲಸೂರಿನ ನನ್ನ ಮಹಡಿ ಕೋಣೆಯಲ್ಲಿ
ಮೆಟ್ರೋ ಹಾದಾಗಲೆಲ್ಲ ಕಪಾಟು ಸಣ್ಣಗೆ ನಡುಗುತ್ತದೆ;
ಅದು ನಿಲ್ಲುವ ತನಕ ಅವರು ಮಾತಾಡಲಿಲ್ಲ.

“ಗೌತಮಪುರ ಗ್ರೌಂಡು. ತೊಂಬತ್ತೊಂಬತ್ತು. ಫೈನಲ್ಲು.
ಗೋಲ್‌ಕೀಪರ್ ನಾನು.
ಹೊಡೆದವನು ಏಳುಮಲೈ, ಆಮೇಲೆ ಭಾವಮೈದ ಆದ.
ಬಾಲು ಗೆರೆ ದಾಟಿತು ಅಂತ ಅವನು, ಇಲ್ಲ ಅಂತ ನಾನು.
ಇಪ್ಪತ್ತೈದು ವರ್ಷ ಮೇಡಂ,
ಪ್ರತಿ ಕ್ರಿಸ್ಮಸ್‌ಗೂ ತಟ್ಟೇಲಿ ಬಿರಿಯಾನಿ ಆರುತ್ತೆ.
ನಿಧಾನಕ್ಕೆ ಓಡಿಸಿ. ಎಷ್ಟಾಗುತ್ತೋ ಅಷ್ಟು ನಿಧಾನ.”

ಟೇಪಿನಲ್ಲಿ ಅದು ಮೂರು ಸೆಕೆಂಡೂ ಇಲ್ಲ.
ಯಾರದೋ ಮದುವೆಗೆ ಹೊರಟ ಕ್ಯಾಮೆರಾ
ದಾರಿಯಲ್ಲಿ ನಿಂತು ಹಿಡಿದದ್ದು.
ನಿಲ್ಲಿಸಿದರೆ ಬಾಲಿನ ಅಂಚಿಗೆ ಬಾಚಣಿಗೆ ಹಲ್ಲು:
ಒಂದೇ ಚಿತ್ರದಲ್ಲಿ ಎರಡು ಗಳಿಗೆ
ಹಲ್ಲಿಗೆ ಹಲ್ಲು ಕಚ್ಚಿ ಕೂತಿವೆ.
ಬೆಸ ಗೆರೆಗಳಲ್ಲಿ ಮೊದಲನೆಯದು,
ಸೆಕೆಂಡಿನ ಐವತ್ತನೇ ಒಂದು ಪಾಲು ಕಳೆದು
ಸರಿ ಗೆರೆಗಳಲ್ಲಿ ಎರಡನೆಯದು.
(ಸರಿ ಅಂದರೆ ಲೆಕ್ಕದ ಸರಿ, ಸರಿ-ತಪ್ಪಿನ ಸರಿಯಲ್ಲ
ಎಂದು ಹೇಳಿದೆ. ಅವರು ನಂಬಲಿಲ್ಲ.)

ಕಬ್ಬನ್‌ಪೇಟೆಯಲ್ಲಿ ನಮ್ಮಜ್ಜಿ ಮಗ್ಗಕ್ಕೆ ಹಾಸು ಹೂಡುತ್ತ
ಒಂದೆಳೆ ಮೇಲೆ, ಒಂದೆಳೆ ಕೆಳಗೆ ಎಂದು
ನಿದ್ದೆಯಲ್ಲೂ ಎಣಿಸುತ್ತಿದ್ದಳು.
ಅವಳ ಕೆಲಸವನ್ನೇ ನಾನು ಹಿಂದುಮುಂದು ಮಾಡುತ್ತೇನೆ:
ನೆಯ್ದು ಬಂದದ್ದನ್ನು ಬಿಚ್ಚಿ
ಬೆಸವೆಲ್ಲ ಒಂದು ಬಟ್ಟೆ, ಸರಿಯೆಲ್ಲ ಇನ್ನೊಂದು.
ಇಪ್ಪತ್ತೈದು ಇದ್ದದ್ದು ಐವತ್ತಾಗುತ್ತದೆ,
ಎಳೆ ಎಳೆಯ ನಡುವೆ ಒಂದೊಂದು ಖಾಲಿ.
ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಕೇಳಿ
ಅಂದಾಜಿನಲ್ಲಿ ತುಂಬಬೇಕು.
ಅರ್ಧ ಕ್ಯಾಮೆರಾದ್ದು, ಅರ್ಧ ನನ್ನದು.

ಮೊದಲ ಸಲ ಸರದಿ ತಪ್ಪಿತು: ಸರಿ ಮುಂದೆ, ಬೆಸ ಹಿಂದೆ.
ಬಾಲು ಜಿಗಿದು, ಹಿಂದೆ ಬಂದು,
ಮತ್ತೆ ಜಿಗಿದು, ಮತ್ತೆ ಹಿಂದೆ.
ಜಪಮಣಿ ಕುರ್ಚಿಯಿಂದೆದ್ದರು.
“ನೋಡಿದ್ರಾ! ವಾಪಸ್ ಬಂತು! ಹೇಳ್ಲಿಲ್ವಾ ನಾನು!”
ತಪ್ಪು ನನ್ನದೆಂದು ತಿಳಿಸಲು
ಒಂದು ಟೀ ಮುಗಿಯುವಷ್ಟು ಹೊತ್ತು ಬೇಕಾಯಿತು.

ಸರದಿ ಸರಿಪಡಿಸಿ ಬಿಟ್ಟೆ.
ಈಗ ಧೂಳು ಏಳುವುದಕ್ಕೂ ಪುರುಸೊತ್ತಿದೆ.
ಏಳುಮಲೈನ ಬರಿಗಾಲು, ಬಿಚ್ಚಿದ ಬ್ಯಾಂಡೇಜಿನ ತುದಿ
ಕಾಲಿನ ಹಿಂದೆ ಹಿಂದೆಯೇ ಹಾರುತ್ತದೆ.
ಬಾಲು ಬಂತು, ಬಂತು,
ಸುಣ್ಣದ ಗೆರೆ ಮಾತ್ರ
ಒಮ್ಮೆ ಇದೆ, ಒಮ್ಮೆ ಇಲ್ಲ.
ಅಷ್ಟು ತೆಳ್ಳಗೆ ಎಳೆದಿದ್ದಾರೆ ಪುಣ್ಯಾತ್ಮರು,
ಅದು ಒಂದೇ ಒಂದು ಬೆಸ ಗೆರೆಯ ಪಾಲಿಗೆ ಬಿದ್ದಿದೆ.
ಗೆರೆ ಇರುವಾಗ ಬಾಲು ಈಚೆ.
ಬಾಲು ಆಚೆ ಹೋದಂತಿರುವಾಗ ಗೆರೆಯೇ ಇಲ್ಲ.
ಮುಂದಿನ ಬೆಸಕ್ಕೆ ಗೆರೆ ಮರಳುತ್ತದೆ,
ಅಷ್ಟರಲ್ಲಿ ಅದರ ಮೇಲೆ ಜಪಮಣಿಯೇ ಬಿದ್ದಿದ್ದಾರೆ.

ತುಂಬಬಹುದಿತ್ತು ನಾನು. ಎರಡು ಬೆರಳ ಕೆಲಸ.
ಎಲ್ಲಿ ಎಳೆದರೆ ಅಲ್ಲಿ ಗೆರೆ.
ಮೌಸಿನ ಮೇಲೆ ಕೈ ಹಾಗೇ ಇತ್ತು.

“ಸ್ವಲ್ಪ ಹಿಂದೆ ಹೋಗಿ” ಎಂದರು. ದನಿ ಬೇರೆಯಾಗಿತ್ತು.
ಹಿಂದೆ. ಇನ್ನೂ. ಅಲ್ಲಿ.
ಬಾಲು ಇನ್ನೂ ಏಳುಮಲೈನ ಕಾಲಲ್ಲಿ.
ಗೋಲ್‌ಕೀಪರನ ಮುಖ ಬಾಲಿನ ಕಡೆ ಇಲ್ಲ.
ಹತ್ತು ಅರೆಚಿತ್ರ, ರೆಪ್ಪೆ ಬಡಿದಷ್ಟು ಹೊತ್ತು,
ಎಡಗಡೆ ನೀರಿನ ಟ್ಯಾಂಕಿನ ಹತ್ತಿರ ನಿಂತ
ನೀಲಿ ದಾವಣಿಯ ಹುಡುಗಿಯ ಕಡೆಗಿದೆ.
“ಅಮುದಾ” ಎಂದರು.
ಆಮೇಲೆ, “ಏಳುಮಲೈ ತಂಗಿ.”
ಇನ್ನೂ ಆಮೇಲೆ, “ನಮ್ಮ ಮನೆಯವಳು.”

ಮೆಟ್ರೋ ಬಂತು, ಕಪಾಟು ನಡುಗಿತು, ಹೋಯಿತು.
“ಮಾಮೂಲಿ ಸ್ಪೀಡಲ್ಲೇ ಒಂದು ಕಾಪಿ ಕೊಡಿ.
ನಿಧಾನದ್ದು ಅವನ ಕೈಗೆ ಸಿಗಬಾರದು.”
ಬಿಲ್ಲು ಇನ್ನೂರೈವತ್ತು. ಚಿಲ್ಲರೆ ಎಣಿಸುತ್ತ
ಬಾಗಿಲ ತನಕ ಹೋದವರು ತಿರುಗಿ ಕೇಳಿದರು:
“ಆ ನೀಲಿ, ಅದು ನೀವು ತುಂಬಿದ್ದಾ ಮೇಡಂ,
ಅಲ್ಲಿ ಇದ್ದಿದ್ದಾ?”

ಬಣ್ಣ ಟೇಪಿನದೇ, ಎಂದೆ.
ಅಕ್ಕಿಯ ಡಬ್ಬಿ ಮೇಜಿನ ಮೇಲೇ ಉಳಿಯಿತು.