ಹನ್ನೊಂದು ಐವತ್ತೊಂಬತ್ತು

ಜಿನೀವಾದ ಆ ದೊಡ್ಡ ಸಭಾಂಗಣದಲ್ಲಿ
ಗೋಡೆ ಗಡಿಯಾರ ನಿಲ್ಲಿಸುವುದಕ್ಕೆಂದೇ
ಒಬ್ಬ ಮನುಷ್ಯನಿದ್ದಾನೆ. ಹೆಸರು ಅರ್ಮಾಂ ಪೆರನೂ.
ಸಂಬಳದ ಚೀಟಿಯಲ್ಲಿ ಈ ಕೆಲಸ ನಮೂದಾಗಿಲ್ಲ;
ಅಲ್ಲಿರುವುದು ದೀಪ, ಮೈಕು, ಫ್ಯೂಸು, ಕುರ್ಚಿಯ ಮುರಿದ ಕಾಲು.

ಮಾತುಕತೆಯ ಗಡುವು ನಡುರಾತ್ರಿ ಹನ್ನೆರಡು.
ಹನ್ನೆರಡು ಹೊಡೆದರೆ ಕಡತ ಕಟ್ಟಬೇಕು.
ಹಾಗಾಗಿ ಹನ್ನೊಂದು ಐವತ್ತೊಂಬತ್ತಕ್ಕೆ
ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಾರೆ. ಅದೇ ಸನ್ನೆ.
ಪೆರನೂ ಏಣಿ ಹತ್ತಿ
ಬ್ಯಾಟರಿ ಬಿಚ್ಚಿ ಜೇಬಿಗಿಳಿಸುತ್ತಾನೆ.
ಅಷ್ಟೂ ದೇಶಗಳು ತಲೆ ಎತ್ತಿ ನೋಡುತ್ತವೆ,
ನೋಡಲಿಲ್ಲವೆಂಬಂತೆ ತಲೆ ತಗ್ಗಿಸುತ್ತವೆ.

ಅವನಪ್ಪ ಲೆ ಲೋಕ್ಲ್ ಊರಿನ ಗಡಿಯಾರದವನು.
ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ದಿನಕ್ಕೆ ಎರಡು ಸೆಕೆಂಡು ಹಿಂದೆ ಬೀಳುವುದನ್ನೂ
ಪಾಪವೆಂದೇ ತಿಳಿದು ತಿದ್ದಿದವನು.
ಮಗನಿಗೆ ಏನು ಕೆಲಸ ಎಂದು ಕೇಳಿದವರಿಗೆ
‘ಕರೆಂಟಿನದು’ ಎಂದಷ್ಟೇ ಹೇಳಿ ತೀರಿಕೊಂಡ.

ಆ ರಾತ್ರಿಯ ಜಗಳ ಒಂದು ಕ್ರಿಯಾಪದದ ಬಾಲಕ್ಕೆ:
ಅಣೆಕಟ್ಟಿನ ಬಾಗಿಲೆತ್ತುವ ಮುನ್ನ
ಮೇಲಿನ ದೇಶ ಕೆಳಗಿನ ದೇಶಕ್ಕೆ
ತಿಳಿಸತಕ್ಕದ್ದೋ, ತಿಳಿಸಬಹುದೋ?
‘ತಕ್ಕದ್ದು’ ಅಂದರೆ ಮೇಲಿನವರ ಕೊರಳಿಗೆ ಹಗ್ಗ.
‘ಬಹುದು’ ಅಂದರೆ ನೀರ ಮೇಲಣ ಬರಹ,
ಅದೂ ನೆರೆನೀರ ಮೇಲೆ.
ದೊಡ್ಡಿಗೆ ಕೂಡಿದ ದನಗಳ ಹಾಗೆ ಎರಡೂ ಪದ
ಚೌಕಕಂಸದೊಳಗೆ ಒಂಬತ್ತು ದಿನದಿಂದ ನಿಂತಿವೆ.

ದೊರೆಗಳು ಮೊದಲ ದಿನವೇ ಬಂದು
ಸಾಲಾಗಿ ನಿಂತು, ಫೋಟೋ ಹಿಡಿಸಿಕೊಂಡು,
ಮನುಕುಲ ಎಂಬ ಪದವನ್ನು ಬಾಯ್ತುಂಬ ಆಡಿ
ವಿಮಾನ ಹತ್ತಿಯಾಗಿದೆ.
ಅವರು ಬಿಟ್ಟುಹೋದ ನೀರಿನ ಬಾಟಲಿಗಳಲ್ಲಿ
ಅರ್ಧ ಕುಡಿದವು, ಮುಚ್ಚಳವನ್ನೇ ತೆಗೆಯದವು.
ಪೆರನೂ ಎಣಿಸಿದ: ಆರುನೂರ ಮೂವತ್ತು.
ಸಭೆ ನಡೆದದ್ದು ನದಿಯ ಬಗ್ಗೆ.

ಉಳಿದವರು ಬೇರೆಯವರು.
ಬೂಟು ಕಳಚಿ ಮೇಜಿನಡಿ ಕಾಲು ಚಾಚಿದವರು,
ದುಭಾಷಿಗಳ ಪಾಳಿ ಮುಗಿದ ಮೇಲೆ
ಹರಕು ಫ್ರೆಂಚಿನಲ್ಲೇ ಬೈದಾಡುವವರು,
ಶತ್ರುದೇಶದವನ ಜೊತೆ ಬಾಳೆಹಣ್ಣು ಮುರಿದು ತಿನ್ನುವವರು.
ಗ್ರಾಸಿಂದಾ ಮಕ್ವಾಕ್ವಾ, ಮೊಜಾಂಬಿಕಿನಾಕೆ,
ಅವಳ ನಿಯೋಗದಲ್ಲಿ ಅವಳೊಬ್ಬಳೇ.
ಶೌಚಕ್ಕೆ ಎದ್ದರೆ ದೇಶವೇ ಗೈರುಹಾಜರು.
ಸಂಜೆಯಿಂದ ಅವಳು ನೀರು ಮುಟ್ಟಿಲ್ಲ.

ಹೊರಗೆ ಬೀಸ್.
ಬಡಗಣ ಗಾಳಿಗೆ ಆ ಊರವರಿಟ್ಟ ಹೆಸರು ಅದು;
ನಮ್ಮ ಕಿವಿಗೆ ಅಪ್ಪಣೆ.
ಸರೋವರವನ್ನು ಎತ್ತಿ ದಡದ ಬೆಂಚಿನ ಮೇಲೆ ಚೆಲ್ಲಿ
ಚೆಲ್ಲಿದಲ್ಲೇ ಹೆಪ್ಪುಗಟ್ಟಿಸುತ್ತಿದೆ.
ಗಡಿಯಾರ ನಿಲ್ಲುತ್ತದೆ, ಎಂಟನೇ ನಂಬರಿನ ಕೊನೆಯ ಬಸ್ಸು ನಿಲ್ಲುವುದಿಲ್ಲ.
ಹೋಯಿತು ಅದು, ಖಾಲಿ, ಒಳಗೆ ದೀಪ ಹಾಕಿಕೊಂಡು.
ನದಿಯ ಮೇಲುತುದಿಯಲ್ಲಿ ಮಳೆಯೂ ನಿಂತಿರಲಾರದು.

ಬೆಳಗಿನ ಜಾವ ನಾಲ್ಕೂ ಹತ್ತು,
ಅಂದರೆ ಹನ್ನೊಂದು ಐವತ್ತೊಂಬತ್ತು,
ಮೇಲಿನ ದೇಶದ ಮುದುಕ ಪೆನ್ನಿನ ಟೋಪಿ ಹಾಕುತ್ತ
‘ತಕ್ಕದ್ದು’ ಎಂದ. ‘ಆದರೆ ಆರು ಗಂಟೆ ಮುಂಚೆ. ಹನ್ನೆರಡಲ್ಲ.’
ನಿದ್ದೆಯೋ, ನಾಚಿಕೆಯೋ, ರಾಜಧಾನಿಯಿಂದ ಬಂದ ಫೋನೋ,
ಯಾರಿಗೂ ತಿಳಿಯದು.
ಚಪ್ಪಾಳೆಗೆ ಯಾರ ಕೈಯಲ್ಲೂ ತ್ರಾಣವಿರಲಿಲ್ಲ.

ಇದರಿಂದ ಏನಾಯಿತು ಎಂದು ಕೇಳುತ್ತೀರಿ.
ನಾನೂ ಕೇಳಿದೆ.
‘ಹದಿಮೂರು ಸಲ ಏಣಿ ಹತ್ತಿದೆ,’ ಎಂದ ಪೆರನೂ,
‘ಹನ್ನೊಂದು ಒಪ್ಪಂದ ಕಪಾಟಿನಲ್ಲಿ ಬೆಚ್ಚಗಿವೆ.
ಒಂದನ್ನು ಬರೆದವರೇ ಹರಿದರು.
ಮತ್ತೊಂದು...’ ಎಂದು ಡ್ರಾಯರಿನಿಂದ
ಒಂದು ಕಾರ್ಡು ತೆಗೆದ. ಗ್ರಾಸಿಂದಾಳ ಅಕ್ಷರ:

‘ಫೆಬ್ರವರಿಯಲ್ಲಿ ನೀರು ಬಂತು.
ಐದು ಗಂಟೆ ನಲವತ್ತು ನಿಮಿಷ ಮುಂಚೆ ಫೋನು ಬಂತು.
ಮನೆಗಳು ಹೋದವು, ಮೇಕೆಗಳು ಹೋದವು.
ಶಾಲೆಯ ಛಾವಣಿ ಮೇಲೆ ಎಣಿಸಿದಾಗ
ಮಕ್ಕಳ ಲೆಕ್ಕ ಸರಿಯಿತ್ತು.
ಇಪ್ಪತ್ತು ನಿಮಿಷ ಕಡಿಮೆ ಬಿದ್ದಿದೆ.
ಅದನ್ನು ಮುಂದಿನ ಸಭೆಯಲ್ಲಿ ಕೇಳುತ್ತೇನೆ.’

ಗಡಿಯಾರ ನಿಲ್ಲಿಸುವಾಗ ನೋಡುವುದಕ್ಕೆ ಜಗತ್ತೇ ಇರುತ್ತದೆ.
ಮತ್ತೆ ಹೊರಡಿಸುವಾಗ ಕಸ ಗುಡಿಸುವವರು ಮಾತ್ರ.
ಅಂದೂ ಹಾಗೆಯೇ, ಏಣಿಯ ತುದಿಯಲ್ಲಿ ನಿಂತು
ಮುಳ್ಳನ್ನು ಬೆರಳಿಂದ ಮುಂದೆ ಮುಂದೆ ತಳ್ಳಿದನಂತೆ,
ನಾಲ್ಕು ಗಂಟೆ, ಮೇಲೆ ಹನ್ನೊಂದು ನಿಮಿಷ.
ಅಪ್ಪ ಇದ್ದಿದ್ದರೆ
ಇನ್ನೂ ಎರಡು ಸೆಕೆಂಡು ಎನ್ನುತ್ತಿದ್ದ.