ಮೂರು ಬಟ್ಟಲಿನ ತಟ್ಟೆ

ಓಸಾಕಾದಿಂದ ಬಂದ ಆರ್ಡರು: ಒಂದು ಬಿದ್ರಿ ತಟ್ಟೆ.
ಮೇಲೆ ಮದುವೆಯ ಮೂರು ಬಟ್ಟಲು ಕೂರಬೇಕು,
ಅಕ್ಕಿ ಹುದುಗಿಸಿದ ಸಾಕೆ, ಬಟ್ಟಲಿಗೆ ಮೂರು ಗುಟುಕು.
‘ಗಸಗಸೆ ಹೂ ಬ್ಯಾಡ, ಭತ್ತದ ತೆನಿ ಕೊರಿ’
ಅಂದರು ಇದ್ರೀಸ್ ಚಾಚಾ.
ಜೋಳದ ತೆನಿ ಕಣ್ಣು ಮುಚ್ಚಿ ಕೊರೆದೇನು;
ಭತ್ತ ನಾ ಕಂಡದ್ದು ಗೋಣಿಚೀಲದ ಚಿತ್ರದಲ್ಲಿ.

ಪತ್ರದ ಕೊನೆಗೆ ಇನ್ನೊಂದು ಸಾಲು:
ಅಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದಿಲ್ಲ,
ಪಕ್ಕದವರು ನೋಡಿ ತುಂಬಬೇಕು.

ಹನಿ ಮುಟ್ಟಿದವರಲ್ಲ ಚಾಚಾ.
‘ಹೆಂಗಿರ್ತದೋ ಅದು?’ ನನ್ನನ್ನೇ ಕೇಳಿದರು,
ಈಚಲು ಏರಿದ ಮನೆತನದವನನ್ನು.
ಸೇಂದಿಯ ಮೊದಲ ಹನಿ ನಮ್ಮಜ್ಜ
ಮರದ ಬುಡಕ್ಕೆ ಚೆಲ್ಲುತ್ತಿದ್ದ, ಆಮೇಲೆ ಗಿರಾಕಿಗೆ.
ಕತ್ತಲಾದ ಮೇಲೆ ಉಳಿದದ್ದು ತನಗೆ,
ತಾನೇ ಸುರಿದುಕೊಂಡು.
ಅದನ್ನು ಹೇಳಲಿಲ್ಲ.
‘ಹುಳಿ ಇರ್ತದ್ರಿ’ ಅಂದೆ.

ಇವತ್ತು ಕೋಟೆಯ ಮಣ್ಣು ಬಂತು,
ಬಿಸಿಲು ಮಳೆ ಎರಡೂ ಕಾಣದ್ದು.
ತಟ್ಟೆ ಇನ್ನೂ ಬೂದು; ತೆನೆ, ನೆಲ, ಎಲ್ಲ ಒಂದೇ ಬಣ್ಣ.
ಚಿಟಿಕೆ ನಾಲಗೆಗಿಟ್ಟು ಚಾಚಾ ಸುಮ್ಮನೆ ಕೂತರು.
ಮಣ್ಣಿನ ಗುಣ ಅಲ್ಲೇ ತಿಳಿಯಬೇಕು.
ಆಮೇಲೆ ನನ್ನ ಅಂಗೈಗೊಂದು ಚಿಟಿಕೆ ಸುರಿದು,
‘ಹುಳಿ ಅಂದಿದ್ದಿ ನೋಡು,
ಹಿಂಗ ಏನು?’